ಮೈಲುತುತ್ತ, ಪಟಿಕ, ಎಪ್ಸಂ ಸಾಲ್ಟ್: ಯಾವುದರಲ್ಲಿ ನೀರು ಚೆನ್ನಾಗಿ ಕಾಣುತ್ತದೆ?

ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ತಂದ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟಿನ ನೀಲಿ ಹರಳು, ಸ್ವಲ್ಪ ಉಳಿದಿತ್ತು. ಹತ್ತನೇ ಕ್ಲಾಸಿನ ಅಣ್ಣನ ಮಗಳು ಒಂದು ಹರಳು ತೋರಿಸಿ, "ಚಿಕ್ಕಪ್ಪ, ಇದು ಒಣಗಿದೆ ಅಲ್ವಾ? ಒಳಗೆ ನೀರಿದೆ ಅಂತ ಪುಸ್ತಕದಲ್ಲಿದೆಯಲ್ಲ, ಎಲ್ಲಿದೆ?" ಎಂದಳು. ಸುಮ್ನೆ ಹೇಳುವ ಬದಲು ಕಾಯಿಸಿಯೇ ನೋಡೋಣ ಎಂದೆ. ಜೊತೆಗೆ ಪಟಿಕ, ಎಪ್ಸಂ ಸಾಲ್ಟ್ ತರಿಸಿದೆ. ತಲಾ 10 ಗ್ರಾಂ, ಹಳೇ ಬಾಣಲೆ, ಅಂಗಳದ ಒಲೆ.

ಪಟಿಕ ಮೊದಲು ನಮ್ಮನ್ನು ಏಮಾರಿಸಿತು. ಬೆಣ್ಣೆಯ ಹಾಗೆ ಕರಗಿತು ಎಂದುಕೊಂಡೆವು. ನಿಜವಾಗಿ 92 ಡಿಗ್ರಿ ಆಸುಪಾಸಿನಲ್ಲಿ ಅದು ತನ್ನೊಳಗಿನ ನೀರಿನಲ್ಲೇ ಕರಗುತ್ತದೆ. ಆಮೇಲೆ ಗುಳುಗುಳು ಕುದಿದು, ಉಬ್ಬಿ, ಮಂಡಕ್ಕಿಯಂತೆ ಹಗುರಾಯಿತು. ನೋಡಲು ಮಜಾ. ಆದರೆ ತಳ ಹಿಡಿದದ್ದನ್ನು ಕೆರೆಯುವಷ್ಟರಲ್ಲಿ ಸಾಕಾಯಿತು, ತೂಕವೂ ಸರಿಯಾಗಿ ಸಿಗಲಿಲ್ಲ.

ಲೆಕ್ಕದ ಪ್ರಕಾರ ಎಪ್ಸಂ ಗೆಲ್ಲಬೇಕು. ಒಂದು ಮೆಗ್ನೀಸಿಯಂ ಸಲ್ಫೇಟಿಗೆ ಏಳು ನೀರಿನ ಅಣು, ತೂಕದಲ್ಲಿ ಶೇ 51. ಅರ್ಧಕ್ಕಿಂತ ಜಾಸ್ತಿ ದುಡ್ಡು ನೀರಿಗೇ ಹೋಯಿತು! ಆದರೆ ಬಿಳಿ ಹರಳು ಬಿಳಿ ಪುಡಿಯಾಯಿತು, ಅಷ್ಟೇ. ಹುಡುಗಿ ಆಕಳಿಸಿದಳು.

ಮೈಲುತುತ್ತದಲ್ಲಿ ನೀರು ಶೇ 36 ಮಾತ್ರ. ಆದರೂ ನನ್ನ ಓಟು ಇದಕ್ಕೇ. ಬಿಸಿ ತಾಗಿದಲ್ಲೆಲ್ಲ ನೀಲಿ ಮಾಸುತ್ತಾ ಬಂತು. ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿದರೆ ಹನಿಗಳು ಕೂತವು. ತೂಕ 7.1 ಗ್ರಾಂಗೆ ಬಂದು ನಿಂತುಬಿಟ್ಟಿತು. ಇಲ್ಲಿ ಒಂದು ತಾಮ್ರದ ಸಲ್ಫೇಟಿಗೆ ಐದು ನೀರಿನ ಅಣು; ಅವುಗಳಲ್ಲಿ ನಾಲ್ಕು 110 ಡಿಗ್ರಿ ಸುಮಾರಿಗೆ ಹೊರಡುತ್ತವೆ, ಐದನೆಯದು ಹಟಮಾರಿ, 200 ದಾಟಬೇಕು. ಇನ್ನಷ್ಟು ಉರಿ ಹಾಕಿದ ಮೇಲೆ 6.4ಕ್ಕೆ ಇಳಿಯಿತು. ಹರಳು ಬರೀ ಒದ್ದೆಯಾಗಿದ್ದರೆ ಒಂದೊಂದು ಸಲ ಒಂದೊಂದು ತೂಕ ಬರುತ್ತಿತ್ತು. ಇದು ಲೆಕ್ಕ ಹಾಕಿ ಕಟ್ಟಿದ ನೀರು, ಹರಳಿನ ಗೋಡೆಯ ಇಟ್ಟಿಗೆ. ಆ ನೀಲಿ ತಾಮ್ರದ್ದೇ ಎಂದು ನಾನೂ ನಂಬಿದ್ದೆ. ಪಕ್ಕದಲ್ಲಿ ನೀರು ಇಲ್ಲದಿದ್ದರೆ ಇಲ್ಲಿ ತಾಮ್ರಕ್ಕೆ ಆ ಬಣ್ಣವೇ ಇಲ್ಲ.

ಪುಡಿ ಆರಿದ ಮೇಲೆ ಬಟ್ಟಲಿಗೆ ಹಾಕಿ ಎರಡು ಹನಿ ನೀರು ಬಿಟ್ಟಳು. ಚುಂಯ್ ಎಂದು ನೀಲಿ ವಾಪಸ್ ಬಂತು. ಬಟ್ಟಲಿನ ತಳ ಮುಟ್ಟಿ, "ತಣ್ಣೀರು ಹಾಕಿದ್ರೆ ಬಿಸಿ ಯಾಕಾಯ್ತು?" ಎಂದಳು. ನೀರನ್ನು ಓಡಿಸಲು ಅಷ್ಟು ಹೊತ್ತು ಉರಿ ಹಾಕಿದ್ದೆವಲ್ಲ, ಅದು ಸೇರಿಕೊಳ್ಳುವಾಗ ಆ ಶಾಖ ಹೊರಗೆ ಬರುತ್ತದೆ ಎಂದೆ.

ತುತ್ತ ವಿಷ. ಬಾಣಲೆ ಮತ್ತೆ ಅಡುಗೆಮನೆ ಹೊಸ್ತಿಲು ದಾಟಬಾರದು ಎಂದು ಅತ್ತಿಗೆ ಹೇಳಿಬಿಟ್ಟರು.