ಸಿಪಿ ಪರೀಕ್ಷೆಗೆ ಸಂಜೆ ಕ್ಲಾಸೋ, ವಿಡಿಯೋನೋ, ಸ್ಟಡಿ ಗ್ರೂಪೋ?

ಅಮೆರಿಕದಲ್ಲಿ ಸರ್ಟಿಫೈಡ್ ಪ್ಯಾರಾಲೀಗಲ್ (ಸಿಪಿ), ಅಂದರೆ ವಕೀಲರ ಕೈಕೆಳಗೆ ಕಾನೂನು ಕೆಲಸ ಮಾಡುವ ಪ್ರಮಾಣಿತ ಸಹಾಯಕ, ಆಗಲು ಪ್ಯಾರಾಲೀಗಲ್‌ಗಳ ಸಂಘವಾದ ನಾಲಾ (NALA) ನಡೆಸುವ ಸಿಪಿ ಪರೀಕ್ಷೆ ಬರೆದೆ. ತಯಾರಿಗೆ ಮೂರು ದಾರಿ ಹಿಡಿದಿದ್ದೆ: ಕಾಲೇಜಿನ ಸಂಜೆ ಕ್ಲಾಸು, ರೆಕಾರ್ಡ್ ಮಾಡಿದ ವಿಡಿಯೋ ಕೋರ್ಸು, ಪರೀಕ್ಷೆ ಕಟ್ಟಿದ್ದ ಕೆಲವರ ಸ್ಟಡಿ ಗ್ರೂಪು. ಕಾಲೇಜಿನ ಸರ್ಟಿಫಿಕೇಟ್ ಕೈಗೆ ಬಂದರೆ ಸಾಕು ಎಂದುಕೊಂಡವರು ಜಾಸ್ತಿ. ಸಾಲದು. ಅಮೆರಿಕನ್ ಬಾರ್ ಅಸೋಸಿಯೇಷನ್ ಒಪ್ಪಿಗೆ ಕೊಡುವುದು ಕೋರ್ಸಿಗೆ, ಓದಿದವರಿಗಲ್ಲ. ಪರೀಕ್ಷೆ ಬೇರೆಯೇ ಬರೆಯಬೇಕು.

ಪರೀಕ್ಷೆಯಲ್ಲಿ ಎರಡು ಭಾಗ. ಮೊದಲು ನಾಲೆಜ್: 120 ಬಹುಆಯ್ಕೆ ಪ್ರಶ್ನೆ, ಎರಡೂವರೆ ಗಂಟೆ. ಅದು ಪಾಸಾದರೆ ಮಾತ್ರ ಸ್ಕಿಲ್ಸ್: ಎರಡು ಗಂಟೆ ಕೂತು ಬರೆಯುವ ಕೆಲಸ.

ನಾಲೆಜ್ ಭಾಗಕ್ಕೆ ವಿಡಿಯೋ ಧಾರಾಳವಾಗಿ ಸಾಕು. ಕಾಂಟ್ರಾಕ್ಟ್, ಟಾರ್ಟ್ (ಇನ್ನೊಬ್ಬರಿಗೆ ಹಾನಿ ಮಾಡಿದ್ದಕ್ಕೆ ಪರಿಹಾರ ಕೇಳುವ ಸಿವಿಲ್ ಕಾನೂನು), ಆಸ್ತಿ, ಉಯಿಲು ಎಲ್ಲ ಸಣ್ಣ ಸಣ್ಣ ಪಾಠವಾಗಿರುತ್ತವೆ. ತಿಳಿಯದಿದ್ದರೆ ಹಿಂದಕ್ಕೆ ಹೋಗಿ ಇನ್ನೊಮ್ಮೆ ಕೇಳಬಹುದು. ಆದರೆ ಕೇಳುವಾಗ ಎಲ್ಲವೂ ಗೊತ್ತು ಅನ್ನಿಸುತ್ತದೆ, ಅದೇ ತೊಂದರೆ. ಒಂದು ಲೆಕ್ಕ ನೋಡಿ. ಫೆಡರಲ್ ಕೋರ್ಟಿನಲ್ಲಿ ಪ್ರತಿವಾದಿಗೆ ಸಮನ್ಸ್ ಮತ್ತು ದೂರಿನ ಪ್ರತಿ ಮಾರ್ಚ್ 5ಕ್ಕೆ ತಲುಪಿತು. ಉತ್ತರ ಕೊಡಲು 21 ದಿನ. ತಲುಪಿದ ದಿನ ಲೆಕ್ಕಕ್ಕಿಲ್ಲ, ಆದ್ದರಿಂದ ಗಡುವು 26. ಅದು ಶನಿವಾರ ಬಿದ್ದರೆ ಸೋಮವಾರ, 28. ವಿಡಿಯೋದಲ್ಲಿ ಇದು ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಗ್ರೂಪಿನಲ್ಲಿ ಮಾತ್ರ ಒಬ್ಬೊಬ್ಬರು ಒಂದೊಂದು ತಾರೀಖು ಹೇಳಿ ಜಗಳಕ್ಕೇ ನಿಂತೆವು. ಆಮೇಲೆ ಆ ನಿಯಮ ಮರೆಯಲೇ ಇಲ್ಲ.

ನೈತಿಕತೆಯ ಪ್ರಶ್ನೆಗಳಿಗೂ ಗ್ರೂಪೇ ವಾಸಿ. ಕಕ್ಷಿದಾರ ಫೋನ್ ಮಾಡಿ "ಈ ಸೆಟಲ್‌ಮೆಂಟ್ ಒಪ್ಪಿಕೊಳ್ಳಲಾ?" ಎಂದು ಕೇಳುತ್ತಾನೆ. ಪ್ಯಾರಾಲೀಗಲ್ ಕಾನೂನು ಸಲಹೆ ಕೊಡುವಂತಿಲ್ಲ, ಫೀಸು ನಿಗದಿ ಮಾಡುವಂತಿಲ್ಲ. ಇದು ಎಲ್ಲರಿಗೂ ಗೊತ್ತು. ಆದರೂ "ನನ್ನ ಪ್ರಕಾರ ಒಳ್ಳೆ ಮೊತ್ತ" ಅನ್ನುವ ಆಯ್ಕೆಗೆ ಟಿಕ್ ಹಾಕುವವರು ಸಿಗುತ್ತಾರೆ. ಸುಮ್ನೆ ಸಮಾಧಾನ ಹೇಳಿದ್ದಲ್ವಾ ಅಂತ ವಾದ ಬೇರೆ!

ಸ್ಕಿಲ್ಸ್ ಭಾಗಕ್ಕೆ ಸಂಜೆ ಕ್ಲಾಸಿನ ಮುಂದೆ ಉಳಿದೆರಡೂ ನಿಲ್ಲುವುದಿಲ್ಲ. ದುಡ್ಡೂ ಸಮಯವೂ ಜಾಸ್ತಿ ತಿನ್ನುತ್ತದೆ, ನಿಜ. ಆದರೆ ಪಾಠ ಹೇಳುತ್ತಿದ್ದ ವಕೀಲರು ನಾನು ಕೇಸಿನ ಫೈಲು ಓದಿ ಬರೆದ ಮೆಮೊ (ಟಿಪ್ಪಣಿ) ಹಿಡಿದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಈ ಸಾಲು ಫೈಲಿನಲ್ಲಿ ಎಲ್ಲಿದೆ?" ಇಲ್ಲದಿದ್ದರೆ ಕೆಂಪು ಗೆರೆ. ಗ್ರೂಪಿನವರು ಇಷ್ಟು ಖಾರವಾಗಿ ತಿದ್ದುವುದಿಲ್ಲ, ದಾಕ್ಷಿಣ್ಯ ಅಡ್ಡ ಬರುತ್ತದೆ.

ಈಗಾಗಲೇ ಲಾ ಆಫೀಸಿನಲ್ಲಿ ಕೆಲಸ ಮಾಡುತ್ತಿದ್ದು, ನಿಮ್ಮ ಡ್ರಾಫ್ಟ್ ತಿದ್ದುವ ವಕೀಲರಿದ್ದರೆ ಕ್ಲಾಸಿನ ಖರ್ಚು ಬೇಡ. ಯಾವುದೇ ವಿಷಯದ ಬ್ಯಾಚಲರ್ ಡಿಗ್ರಿಯ ಜೊತೆ ಒಂದು ವರ್ಷದ ಪ್ಯಾರಾಲೀಗಲ್ ಅನುಭವವಿದ್ದವರಿಗೂ ಪರೀಕ್ಷೆಗೆ ಅರ್ಹತೆ ಇದೆ. ಅಂಥವರಿಗೆ ವಿಡಿಯೋ ಮತ್ತು ಗ್ರೂಪು ಸಾಕು. ಹೊಸಬರು ಮಾತ್ರ ಕ್ಲಾಸು ಬಿಡಬೇಡಿ.

ಪಾಸಾದ ಮೇಲೂ 5 ವರ್ಷಕ್ಕೊಮ್ಮೆ 50 ಗಂಟೆ ಮುಂದುವರಿದ ಕಲಿಕೆ ತೋರಿಸಬೇಕು, ಅದರಲ್ಲಿ 5 ಗಂಟೆ ನೈತಿಕತೆ. ಅದಕ್ಕೆ ನಾನು ಆರಿಸಿಕೊಂಡಿರುವುದು ವಿಡಿಯೋವನ್ನೇ.