ಚಳಿಗಾಲದ ಸಾರಿಗಾಗಿ ಮಾಂಸ: ಚಿಕ್ಕಬಳ್ಳಾಪುರದ ಒಂದು ಅಂಗಡಿ

ನಂದಿಬೆಟ್ಟದ ಕಡೆಯಿಂದ ಕೊರೆಯುವ ಗಾಳಿ ಬೀಸುವ ಡಿಸೆಂಬರಿನಲ್ಲಿ, ಅವರೆಕಾಯಿಯೂ ಸೊಗಡು ತುಂಬಿಕೊಂಡು ಬರುವ ಹೊತ್ತಿಗೆ, ಮನೆಯ ಆರು ಮಂದಿಗೆ ಸಾರು ಮಾಡಲು ಮಾರುಕಟ್ಟೆಯ ಬಳಿಯ ಅಂಗಡಿಯೊಂದರಲ್ಲಿ ಒಂದೂವರೆ ಕಿಲೋ ಕುರಿಮಾಂಸ ಕೊಂಡೆನು. ಎಳೆಯ ಮಾಂಸ ಬೇಗ ಬೇಯುತ್ತದೆ ನಿಜ. ಆದರೆ ಸಾರಿಗೆ ಬೇಕಾದ ಗಟ್ಟಿತನವು ಮೂಳೆಯಿರುವ ಮುಂಗಾಲು, ಎದೆಯ ತುಂಡುಗಳು ಸಣ್ಣ ಉರಿಯಲ್ಲಿ ಬೆಂದು ಅಂಟು ಬಿಟ್ಟಾಗಲೇ ಬರುತ್ತದೆ. ನಾನು ಕೇಳುವ ಮೊದಲೇ ಅವುಗಳನ್ನು ಆರಿಸಿಕೊಟ್ಟ ಅಂಗಡಿಯವರ ತಿಳಿವಳಿಕೆಯನ್ನು ಮನಸಾರೆ ಮೆಚ್ಚಿದೆನು. ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಚಕ್ಕೆ, ಲವಂಗಗಳನ್ನು ಹುರಿದು ಕೊಬ್ಬರಿಯೊಡನೆ ರುಬ್ಬಿದ ಮಸಾಲೆಯಲ್ಲಿ ಮಾಂಸ ಮುಕ್ಕಾಲು ಬೆಂದ ಮೇಲೆ ಹಿತಕಿದ ಅವರೆಬೇಳೆ ಹಾಕಿದೆನು. ಬಿಸಿ ರಾಗಿಮುದ್ದೆಯೊಂದಿಗೆ ಮಕ್ಕಳೂ ಎರಡನೆಯ ಸಲ ಬಡಿಸಿಕೊಂಡರು. ಆದರೆ ಆ ಅಂಗಡಿಗೆ ಭಾನುವಾರ ತಡವಾಗಿ ಹೋದರೆ ಬಹಳ ಕಾಯಬೇಕು, ತುಂಡುಗಳೂ ಒಂದೇ ಅಳತೆಯಲ್ಲಿರುವುದಿಲ್ಲ.