ಮನೆಯಲ್ಲಿ ಹಾಡು ಮಾಡೋಕೆ: ಲ್ಯಾಪ್‌ಟಾಪಾ, ಡೆಸ್ಕ್‌ಟಾಪಾ, ಮ್ಯಾಕ್ ಮಿನಿನಾ?

ಮೊದಲು ಸದ್ದು ನೋಡಿ. ಮೈಕ್ ಪಕ್ಕದಲ್ಲೇ ಕಂಪ್ಯೂಟರ್ ಇದ್ದರೆ ಫ್ಯಾನ್ ಸದ್ದೂ ಹಾಡಿನಲ್ಲಿ ಸೇರುತ್ತದೆ. ಲೋಡ್ ಜಾಸ್ತಿಯಾದರೆ ಎಷ್ಟೋ ವಿಂಡೋಸ್ ಲ್ಯಾಪ್‌ಟಾಪ್‌ಗಳು ಗುಂಯ್ ಅನ್ನುತ್ತವೆ. ಆಪಲ್‌ನ ಪುಟ್ಟ ಡೆಸ್ಕ್‌ಟಾಪ್ ಮ್ಯಾಕ್ ಮಿನಿ ಬಹುತೇಕ ಸುಮ್ಮನಿರುತ್ತದೆ. ಡೆಸ್ಕ್‌ಟಾಪನ್ನು ಮೇಜಿನ ಕೆಳಗೆ ದೂರ ಇಡಬಹುದು.

ಹಾಡುವಾಗ, ನುಡಿಸುವಾಗ ಕಾಡುವುದು ತಡ. 48 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 48,000 ಸ್ಯಾಂಪಲ್ (ಸದ್ದಿನ ಅಳತೆ) ತೆಗೆದುಕೊಳ್ಳುವಾಗ, ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದು) 128 ಸ್ಯಾಂಪಲ್ ಇದ್ದರೆ ಅದರ ತಡ ಸುಮಾರು 2.7 ಮಿಲಿಸೆಕೆಂಡ್. 1024 ಇಟ್ಟರೆ 21 ದಾಟುತ್ತದೆ. ಕೀ ಒತ್ತಿದ ಮೇಲೆ ಸ್ವರ ಹಿಂದೆ ಬೀಳೋದು ಕೈಗೇ ಗೊತ್ತಾಗುತ್ತದೆ. ತಡ ಕಡಿಮೆ ಇಡೋಕೆ ಮ್ಯಾಕ್‌ನಲ್ಲಿ ಕೋರ್ ಆಡಿಯೋ ಎಂಬ ಸದ್ದಿನ ವ್ಯವಸ್ಥೆ ಮೊದಲೇ ಇದೆ. ವಿಂಡೋಸ್‌ನಲ್ಲಿ ಆಡಿಯೋ ಇಂಟರ್‌ಫೇಸ್‌ನ (ಮೈಕ್, ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಎಎಸ್‌ಐಒ ಡ್ರೈವರ್, ಅಂದರೆ ತಡ ತಗ್ಗಿಸುವ ಸಾಫ್ಟ್‌ವೇರ್, ಹಾಕಿಕೊಳ್ಳಬೇಕು. ಕಷ್ಟವೇನಿಲ್ಲ, ಆದರೆ ಮರೆತು ಕಂಪ್ಯೂಟರನ್ನೇ ಬೈಯುವವರು ಜಾಸ್ತಿ!

ರ‍್ಯಾಮ್ ವಿಷಯದಲ್ಲಿ ಡೆಸ್ಕ್‌ಟಾಪ್ ಆರಾಮ, ಬೇಕಾದಾಗ ಸೇರಿಸಬಹುದು. ಈಗಿನ ಮ್ಯಾಕ್ ಮಿನಿಯಲ್ಲಿ ಕೊಂಡಾಗ ಇದ್ದಷ್ಟೇ. ದನಿ, ಗಿಟಾರ್, ಬೀಟ್‌ಗೆ 16 ಜಿಬಿ ಸಾಕು. ದೊಡ್ಡ ಆರ್ಕೆಸ್ಟ್ರಾ ಸ್ಯಾಂಪಲ್ ಲೈಬ್ರರಿಗಳಿಗೆ (ನಿಜವಾದ ವಾದ್ಯಗಳ ರೆಕಾರ್ಡ್ ಮಾಡಿದ ಸ್ವರಗಳ ಸಂಗ್ರಹ) 32 ಇದ್ದರೂ ಬಿಗಿಯೇ.

ಆಪಲ್‌ನ ಹಾಡು ಮಾಡುವ ಸಾಫ್ಟ್‌ವೇರ್ ಲಾಜಿಕ್ ಪ್ರೊ ಬೇಕೇ ಬೇಕೆಂದರೆ, ಕಂಪ್ಯೂಟರ್‌ಗಳಲ್ಲಿ ಮ್ಯಾಕ್ ಬಿಟ್ಟು ದಾರಿಯಿಲ್ಲ. ಗೆಳೆಯರ ಮನೆಗೆ ಹೊತ್ತೊಯ್ದು ರೆಕಾರ್ಡ್ ಮಾಡುವವರಿಗೆ ಲ್ಯಾಪ್‌ಟಾಪೇ ಸರಿ. ವರ್ಷಗಟ್ಟಲೆ ಒಂದೇ ಮೇಜಲ್ಲಿ ಕೂತು, ಬಿಡಿಭಾಗ ಬದಲಿಸುತ್ತಾ ಹೋಗುವವರು ಡೆಸ್ಕ್‌ಟಾಪ್ ತೊಗೊಳ್ಳಿ.